ಬಸ್ತ್ಯಾಂವಣ್ಣ ಕಲಿಸದ ಗೇರು

ನಮ್ಮ ಹೊಸ ಕಾರಿಗೆ ಬೆನ್ನಿನಲ್ಲೂ ಒಂದು ಕಣ್ಣಿದೆ. ಹಿಂದಕ್ಕೆ ಹೋಗುವ ಗೇರು ಹಾಕಿದರೆ ಸಾಕು, ಎದುರಿನ ಸಣ್ಣ ಪರದೆಯಲ್ಲಿ ಹಿಂದಿನದೆಲ್ಲ ಮೂಡುತ್ತದೆ. ಕಾಂಪೌಂಡು ಗೋಡೆ, ತುಳಸಿಕಟ್ಟೆ, ನೆರಳಿಗೆ ಮಲಗಿದ ಪಕ್ಕದ ಮನೆಯ ನಾಯಿ, ಎಲ್ಲವೂ. ಹತ್ತಿರವಾದಂತೆಲ್ಲ ಅದು ಕುಂಯ್ ಕುಂಯ್ ಎಂದು ಗಾಬರಿಯಾಗುತ್ತದೆ. ಕಾರು ತಂದ ಹೊಸತರಲ್ಲಿ ನನ್ನ ಗಂಡ ಬಂದ ನೆಂಟರಿಗೆಲ್ಲ ಚಹಾಕ್ಕಿಂತ ಮೊದಲು ಈ ಪರದೆಯನ್ನು ತೋರಿಸುತ್ತಿದ್ದರು. ನನಗೆ ಮಾತ್ರ ಅದನ್ನು ನೋಡುವ ಪ್ರಸಂಗ ಬರುವುದೇ ಅಪರೂಪ. ಎಲ್ಲಿ ಗಾಡಿ ನಿಲ್ಲಿಸುವುದಿದ್ದರೂ ಹಿಂದೆ ಸರಿಯದೆಯೇ ಅದರ ಮೂತಿ ರಸ್ತೆಯ ಕಡೆಗೆ ಬರಬೇಕು, ಹೊರಡುವಾಗ ನೇರವಾಗಿ ಮುಂದಕ್ಕೇ ಹೋಗಬೇಕು ಎನ್ನುವುದು ನನ್ನ ಹಟ. ದಾಂಡೇಲಿಯ ಸಂತೆಯ ದಿನ ಅಂಥ ಜಾಗ ಸಿಗದಿದ್ದರೆ ಊರನ್ನೇ ಇನ್ನೊಂದು ಸುತ್ತು ಹಾಕಿ ಬರುತ್ತೇನೆ. ಅಷ್ಟರಲ್ಲಿ ಒಳ್ಳೆಯ ಟೊಮೆಟೊ ಎಲ್ಲ ಖಾಲಿಯಾಗಿರುತ್ತವೆ.

ಇನ್ನೊಂದು ಚಾಳಿಯೂ ಇದೆ. ತಿರುವುಗಳಲ್ಲಿ ನಾನು ವಿಪರೀತ ದೊಡ್ಡ ಸುತ್ತು ತೆಗೆದುಕೊಳ್ಳುತ್ತೇನೆ. ಈಚೆಗೆ ಅಂಬಿಕಾನಗರದ ಘಟ್ಟದ ತಿರುವಿನಲ್ಲಿ ಹಾಗೆ ಹೊರಳಿಸಿದಾಗ ಪಕ್ಕದಲ್ಲಿ ಕುಳಿತ ಗಂಡ ಬಾಗಿಲಿನ ಹಿಡಿಕೆ ಹಿಡಿದುಕೊಂಡು, "ಹಿಂದ ಎರಡು ಟ್ರೇಲರ್ ಹಚ್ಕೊಂಡಾಕಿ ಹಂಗ ಹೊಳ್ಳಸ್ತೀ ಅಲಾ" ಎಂದರು. ಅವರು ಚೇಷ್ಟೆಗೆ ಹೇಳಿದ್ದು. ಆದರೆ ಮಾತು ಅಕ್ಷರಶಃ ನಿಜ. ನನಗೆ ಕಾರು ಕಲಿಸಿದವನು ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಎಳೆಯುವವನು.

ಆಗ ನನಗೆ ಹದಿನೆಂಟು ತುಂಬಿತ್ತು. ಹಳಿಯಾಳದಲ್ಲಿ ಅಪ್ಪನದು ಬೀಜ ಗೊಬ್ಬರದ ಅಂಗಡಿ. ಅಂಗಡಿಯ ಓಡಾಟಕ್ಕೆಂದು ಯಾರಿಂದಲೋ ಕೊಂಡ ಒಂದು ಹಳೆಯ ಸಣ್ಣ ಬಿಳಿ ಕಾರು ನಮ್ಮಲ್ಲಿತ್ತು. ಅದರೊಳಗೆ ಕುಳಿತರೆ ಗೋವಿನಜೋಳದ ಬೀಜಕ್ಕೆ ಹಚ್ಚಿದ ಔಷಧಿಯ ವಾಸನೆ, ಅದರ ಮೇಲೆ ಅವ್ವ ಸಿಕ್ಕಿಸಿದ ಊದಿನಕಡ್ಡಿಯ ವಾಸನೆ. ಕಿಟಕಿಯ ಗಾಜು ಇಳಿಯಬೇಕಾದರೆ ಒಂದು ಕೈಯಲ್ಲಿ ಹಿಡಿಕೆ ತಿರುಗಿಸಿ, ಇನ್ನೊಂದು ಕೈಯಲ್ಲಿ ಗಾಜನ್ನು ಒತ್ತಿ ಸಮಾಧಾನ ಮಾಡಬೇಕಿತ್ತು. ಗೇರಿನ ತುದಿಯ ಗುಂಡು ಎಂದೋ ಕಳೆದುಹೋಗಿ, ಅಪ್ಪ ದಾಂಡೇಲಿಯ ಬಡಗಿಯಿಂದ ಸಾಗವಾನಿಯ ಗುಂಡೊಂದನ್ನು ಮಾಡಿಸಿ ಹಾಕಿಸಿದ್ದರು. ಹಿಡಿಯಲು ಬಲು ಹಿತ. ಆದರೆ ಯಾವ ಗೇರು ಎಲ್ಲಿದೆ ಎಂದು ತೋರಿಸುವ ಗೆರೆ, ಅಂಕಿ ಒಂದೂ ಅದರ ಮೇಲಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನೊಬ್ಬರೇ ಓಡಿಸುತ್ತಿದ್ದರು, ಅವರಿಗೆ ಗೊತ್ತಿತ್ತು, ಅಷ್ಟು ಸಾಕಿತ್ತು.

ಮೊದಲ ಪಾಠವನ್ನು ಅಪ್ಪನೇ ಮಾಡಿದರು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಅವರದು ಎಷ್ಟು ತಾಳ್ಮೆಯೋ ಕಾರಿನಲ್ಲಿ ಅಷ್ಟೇ ಸಿಡುಕು. "ಕ್ಲಚ್ ಬಿಡು" ಎಂದರು, ಬಿಟ್ಟೆ. ಗಾಡಿ ಕಪ್ಪೆಯಂತೆ ಜಿಗಿದು ನಿಂತಿತು. "ಹಂಗ ಬಿಡೂದಲ್ಲ" ಎಂದರು. ಹೇಗೆ ಬಿಡುವುದೆಂದು ಹೇಳುವಷ್ಟರಲ್ಲಿ ನಾನು ಮತ್ತೆ ಬಿಟ್ಟಿದ್ದೆ. ಎದುರುಮನೆಯವರ ಬಟ್ಟೆ ಒಗೆಯುವ ಕಲ್ಲು ಇದ್ದಲ್ಲಿಂದ ಒಂದು ಗೇಣು ಸರಿಯಿತು. ಕಾರಿನ ಮೂತಿ ಸೊಟ್ಟಗಾಯಿತು. ಅಪ್ಪ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, "ಬಸ್ಸಿಗೆ ಹೋಗವ್ವ, ಬಸ್ ಯಾಕ ಬಿಟ್ಟಾರ" ಎಂದು ಅಂಗಡಿಗೆ ಹೊರಟುಹೋದರು. ನನಗೂ ಅಲ್ಲಿಗೆ ಸಾಕೆನಿಸಿತ್ತು.

ಸಾಕು ಅನ್ನಿಸದಿದ್ದುದು ನನ್ನ ಆಯಿಗೆ, ಅಂದರೆ ಅಪ್ಪನ ತಾಯಿಗೆ. ಅವಳು ಹಿತ್ತಲಿನಲ್ಲಿ ಅವರೆಕಾಯಿ ಬಿಡಿಸುತ್ತ ನನ್ನನ್ನು ಹತ್ತಿರ ಕರೆದಳು.

"ನೀ ಗಾಡಿ ಕಲೀಲಿಕ್ಕೇ ಬೇಕು" ಎಂದಳು.

ನಾನು ಸೈಕಲ್ ಹತ್ತಿದಾಗ ತಲೆ ತಲೆ ಚಚ್ಚಿಕೊಂಡವಳು ಇವಳೇ. ಆಶ್ಚರ್ಯದಿಂದ ಯಾಕೆಂದು ಕೇಳಿದೆ.

"ನನಗ ಇಂದೂರಿಗೆ ಹೋಗೂದೈತಿ" ಎಂದಳು.

ಇಂದೂರು ಎಂಬ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಂಡಗೋಡ ತಾಲೂಕಿನ ಆ ಊರಿಗೆ ಆಯಿಯ ಒಬ್ಬಳೇ ಅಕ್ಕ ಗಂಗವ್ವನನ್ನು ಕೊಟ್ಟಿತ್ತು. ಒಂದು ವರ್ಷ ಬಿತ್ತಿಗೆಯ ಕಾಲಕ್ಕೆ ನಮ್ಮ ಅಜ್ಜ ಅವರ ಮನೆಯಿಂದ ಒಂದು ಎತ್ತು ತಂದಿದ್ದನಂತೆ. ಆಗೆಲ್ಲ ಹಾಗೆ, ಒಬ್ಬರ ಎತ್ತು ಇನ್ನೊಬ್ಬರ ಹೊಲ. ಆ ಎತ್ತು ನಮ್ಮ ಹೊಲದ ನಡುವೆಯೇ ಬಿದ್ದು ಸತ್ತಿತು. "ದುಡಿಸಿ ಕೊಂದ್ರಿ" ಎಂದ ಗಂಗವ್ವನ ಗಂಡ. "ಜಡ್ಡಿನ ಎತ್ತು ಕೊಟ್ಟ್ರಿ" ಎಂದ ನಮ್ಮಜ್ಜ. ಮಾತಿಗೆ ಮಾತು ಬೆಳೆದು, ನಮ್ಮ ಮನೆಯವರು ಯಾರೂ ಇನ್ನು ಆ ಮನೆಯ ಹೊಸ್ತಿಲು ತುಳಿಯಕೂಡದೆಂದು ಅಜ್ಜ ಆಣೆ ಹಾಕಿಬಿಟ್ಟ. ಆಮೇಲೆ ಆ ಇಬ್ಬರು ಗಂಡಸರೂ ತಮ್ಮ ತಮ್ಮ ಕಾಲಕ್ಕೆ ತೀರಿಕೊಂಡರು. ಆಣೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಅಕ್ಕತಂಗಿಯರು ಬೇರೆಯವರ ಮನೆಯ ಮದುವೆಗಳಲ್ಲಿ ಮಾತ್ರ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮಾತಿಲ್ಲ. ಊಟದ ಪಂಕ್ತಿಯಲ್ಲಿ ಎದುರುಬದುರು ಕುಳಿತು, ಅವಳು ಏನು ಬಿಟ್ಟಳು, ಇವಳು ಏನು ಎರಡನೇ ಸಲ ಹಾಕಿಸಿಕೊಂಡಳು ಎಂದು ನೋಡಿಕೊಂಡು ಏಳುವುದು. ಯಾವ ಮದುವೆಯ ಕಾಗದ ಬಂದರೂ ಆಯಿ ತಪ್ಪಿಸುತ್ತಿರಲಿಲ್ಲ. ಅದು ಊಟದ ಆಸೆಗೆಂದು ನಾವು ನಗುತ್ತಿದ್ದೆವು. ಈಚೀಚೆಗೆ ಗಂಗವ್ವನ ಮೊಣಕಾಲು ಹಿಡಿದುಕೊಂಡು, ಅವಳು ಮನೆಯ ಕಟ್ಟೆಯಿಂದ ಆಚೆ ಬರುವುದೇ ನಿಂತಿತ್ತು. ಆಯಿ ಮದುವೆಗಳಿಗೆ ಹೋಗಿ, ಪಂಕ್ತಿಯಿಂದ ಪಂಕ್ತಿಗೆ ಹುಡುಕಿ, ಸಪ್ಪೆ ಮುಖ ಹೊತ್ತು ಬರತೊಡಗಿದ್ದಳು.

"ಅಪ್ಪಗ ಕೇಳಬಾರ್ದೇನು?" ಎಂದೆ.

"ಕೇಳೇನಿ. ಅಪ್ಪನ ಮಾತು ಐತೆಲಾ ಯವ್ವಾ ಅಂದು ಚಪ್ಪಲಿ ಹಾಕ್ಕೊಂಡು ಹ್ವಾದ."

"ಬಾಡಿಗಿ ಗಾಡಿ ಮಾಡೂಣು."

"ಆ ಡ್ರೈವರ್ ಸಂಜೀಕ ಪ್ಯಾಟ್ಯಾಗ ಸಾರ್ತಾನ." ಅವರೆಕಾಯಿಯ ಸಿಪ್ಪೆಯನ್ನು ಎಮ್ಮೆಯ ಕಡೆ ಎಸೆದು ಆಯಿ ದನಿ ತಗ್ಗಿಸಿದಳು. "ಹೊಸ್ತಿಲ ತುಳೀಬಾರ್ದು ಅಂದಾರ ನಿಮ್ಮಜ್ಜ. ಓಣ್ಯಾಗ ಗಾಡಿ ನಿಂದರಿಸಿ ನೋಡಬಾರ್ದು ಅಂದಿಲ್ಲ. ನಾ ಇಳಿಯೂದಿಲ್ಲ. ಗಾಜಿನೊಳಗಿಂದ ಒಮ್ಮೆ ನೋಡಿ ಬರ್ತೇನಿ."

ಆಣೆಯನ್ನೂ ಮುರಿಯಬಾರದು, ಅಕ್ಕನನ್ನೂ ನೋಡಬೇಕು. ಇಷ್ಟು ಸೂಕ್ಷ್ಮವಾದ ದಾರಿ ಯಾವ ವಕೀಲನಿಗೆ ಹೊಳೆದೀತು ಹೇಳಿ. ಅವಳ ಕಣ್ಣಿನಲ್ಲಿದ್ದ ಆಸೆಯನ್ನು ನೋಡಿ ನನಗೆ ಇಲ್ಲವೆನ್ನಲು ಆಗಲಿಲ್ಲ.

ಬಸ್ತ್ಯಾಂವಣ್ಣನನ್ನು ಗೊತ್ತುಮಾಡಿದವಳೂ ಆಯಿಯೇ. ಕಾಡಿನ ಅಂಚಿನ ಸಿದ್ದಿಯರ ಊರಿನವನು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ, ಕಾರ್ಖಾನೆಯ ಮುಂದಿನ ಪಾಳಿಯ ಸಾಲಿನಲ್ಲಿ ನಡುವೆ ನುಗ್ಗಿದವರ ಜೊತೆ ಮರಾಠಿ. ಹಂಗಾಮಿನಲ್ಲಿ ನಮ್ಮ ಹೊಲದ ಕಬ್ಬನ್ನು ಕಾರ್ಖಾನೆಗೆ ಒಯ್ಯುತ್ತಿದ್ದವನು ಅವನೇ. ಕಬ್ಬಿನ ಟ್ರ್ಯಾಕ್ಟರು ಕಾರ್ಖಾನೆಯ ಮುಂದೆ ಪಾಳಿ ಹಚ್ಚಿದರೆ ಒಳಗೆ ಹೋಗಲು ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಡ್ರೈವರುಗಳು ಇಸ್ಪೀಟು ಆಡುತ್ತಾರೆ, ಟ್ರೇಲರಿನ ನೆರಳಿನಲ್ಲಿ ಮಲಗುತ್ತಾರೆ. ಬಸ್ತ್ಯಾಂವಣ್ಣ ಪಕ್ಕದ ಬಯಲಿನಲ್ಲಿ ನನಗೆ ಕಾರು ಕಲಿಸಿದ. ಅಪ್ಪನೂ, ಮಗಳ ಕೈಗೆ ಕೀಲಿ ಕೊಡುವುದಕ್ಕಿಂತ ಬಸ್ತ್ಯಾಂವನ ಕೈಗೆ ಕೊಡುವುದು ವಾಸಿ ಎಂದು ಸುಮ್ಮನಾದರು.

ಹೀಗಾಗಿ ನನ್ನ ಪಾಠವೆಲ್ಲ ತುಂಡು ತುಂಡು. ಇನ್ನೇನು ಎರಡನೇ ಗೇರಿಗೆ ಹಾಕಬೇಕು, ಅಷ್ಟರಲ್ಲಿ ಯಾರೋ "ಪಾಳಿ ಸರೀತು" ಎಂದು ಕೂಗುತ್ತಿದ್ದರು. ಬಸ್ತ್ಯಾಂವಣ್ಣ ಓಡುತ್ತಿರುವ ಕಾರಿನ ಬಾಗಿಲು ತೆಗೆದು ಜಿಗಿದು, ತನ್ನ ಟ್ರ್ಯಾಕ್ಟರನ್ನು ನಾಲ್ಕು ಮಾರು ಮುಂದೆ ತಂದು ನಿಲ್ಲಿಸಿ, ಮತ್ತೆ ಓಡಿ ಬಂದು ಹತ್ತುತ್ತಿದ್ದ. ಅಷ್ಟು ಹೊತ್ತು ನಾನು ಒಬ್ಬಳೇ ಬಯಲಿನಲ್ಲಿ ಸುತ್ತು ಹೊಡೆಯುತ್ತಿದ್ದೆ, ನಿಲ್ಲಿಸುವುದನ್ನು ಇನ್ನೂ ಕಲಿತಿರಲಿಲ್ಲವಲ್ಲ. ಹಿಂದಿನ ಸೀಟಿನಲ್ಲಿ ಆಯಿ ಕಬ್ಬು ಹಿಡಿದು ಕುಳಿತಿರುತ್ತಿದ್ದಳು. ಹಲ್ಲಿಲ್ಲದ ಬಾಯಿಗೆ ಕಬ್ಬನ್ನು ಸಣ್ಣಗೆ ಹೆರೆದುಕೊಂಡು, ರಸ ಚೀಪಿ, ಸಿಪ್ಪೆಯನ್ನು ಸೆರಗಿಗೆ ಹಾಕಿಕೊಳ್ಳುತ್ತ, "ನೀಟಾಗಿ ಹೇಳ್ಯಾನಿಲ್ಲೋ, ಒತ್ತಿ ಹಿಡಿ" ಎಂದು ನನಗೇ ಬುದ್ಧಿ ಹೇಳುತ್ತಿದ್ದಳು. ಕಾರ್ಖಾನೆಯ ಕಡೆಯಿಂದ ಕಾದ ಕಬ್ಬಿನ ಹಾಲಿನ ಸಿಹಿ ಕಮಟು ಬರುತ್ತಿತ್ತು. ಇಂದಿಗೂ ಬೆಲ್ಲ ಕಾಯಿಸಿದರೆ ನನ್ನ ಎಡಗಾಲು ತಾನಾಗಿ ಚಾಚಿಕೊಳ್ಳುತ್ತದೆ.

ಅಪ್ಪ ಹೇಳಲಾಗದೆ ಸಿಟ್ಟಾದದ್ದನ್ನು ಬಸ್ತ್ಯಾಂವಣ್ಣ ಒಂದೇ ಮಾತಿನಲ್ಲಿ ಹೇಳಿದ. "ಕರಾ ಕಟ್ಟಿದ ಹಗ್ಗ ಬಿಟ್ಟಂಗ ಬಿಡಬೇಕು ತಂಗಿ. ಒಮ್ಮಿಗಲೇ ಬಿಟ್ರ ಜಿಗೀತೈತಿ. ಹಿಡಕೋಂತ ಹಿಡಕೋಂತ ಬಿಡು." ಕರುವಿನ ಹಗ್ಗ ಬಿಡುವ ಹಾಗೆ ಬಿಟ್ಟೆ. ಕಾರು ನಯವಾಗಿ ಹೊರಟಿತು. ಆ ಗಳಿಗೆಯ ಖುಷಿಯನ್ನು ಈಗಲೂ ಮರೆತಿಲ್ಲ.

ತಿರುಗಿಸುವುದನ್ನು ಮಾತ್ರ ಅವನು ತನ್ನ ಲೆಕ್ಕದಲ್ಲೇ ಕಲಿಸಿದ. ಹಿಂದೆ ಎರಡು ಟ್ರೇಲರ್ ಇವೆ ಎಂದೇ ತಿಳಿದು ಹೊಳ್ಳಿಸಬೇಕು, ಇಲ್ಲವಾದರೆ ಹಿಂದಿನದು ಕಾಲುವೆಗೆ ಬೀಳುತ್ತದೆ. ನಮ್ಮ ಹಿಂದೆ ಏನೂ ಇಲ್ಲವಲ್ಲ ಅಣ್ಣಾ ಎಂದರೆ, "ರೂಢಿ ಇರಲಿ ತಂಗಿ" ಎನ್ನುತ್ತಿದ್ದ. ಇನ್ನು ಹಿಂದಕ್ಕೆ ಹೋಗುವ ಗೇರಿನ ಸುದ್ದಿಯನ್ನೇ ಅವನು ತೆಗೆಯಲಿಲ್ಲ. ನಾನೇ ಒಮ್ಮೆ ಕೇಳಿದ್ದಕ್ಕೆ ಅವನು ನಿಜವಾಗಿಯೂ ಬೇಸರಪಟ್ಟುಕೊಂಡ. ತುಂಬಿದ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದಕ್ಕೆ ಹೋಗುವುದೇ ಇಲ್ಲ. ನೀವು ಪ್ರಯತ್ನಿಸಿದರೆ ಒಂದು ಟ್ರೇಲರ್ ಅತ್ತ, ಇನ್ನೊಂದು ಇತ್ತ ಮುರಿದುಕೊಂಡು ಕಬ್ಬೆಲ್ಲ ರಸ್ತೆಯ ಪಾಲು. "ಹಿಂದ ಹೋಗೂ ಪ್ರಸಂಗಾನ ತಂದ್ಕೋಬಾರ್ದು. ಮೊದಲ ದೂರ ನೋಡಿ ಒಳಗ ಹೋಗಬೇಕು. ಹಿಂದ ಸರಿಯೋ ಡ್ರೈವರ್ ಎಂಥಾ ಡ್ರೈವರು" ಎಂದ. ನಾನೂ ಹೌದಲ್ಲವೇ ಎಂದು ಒಪ್ಪಿಕೊಂಡೆ. ಲೈಸೆನ್ಸಿನ ಪರೀಕ್ಷೆಯ ದಿನ ಸಾಹೇಬರು, ಮುಂದೆ ಹೋಗಿ ತಿರುಗಿಸಿಕೊಂಡು ಬಾ ಎಂದರು. ಮೈದಾನ ದೊಡ್ಡದಿತ್ತು. ನಾನು ಗಾಣದ ಎತ್ತಿನ ಹಾಗೆ ಗಂಭೀರವಾಗಿ ಒಂದು ಸುತ್ತು ಹೊಡೆದು ಬಂದೆ. ಪಾಸಾದೆ.

ಹೊರಡುವ ದಿನ ನಾವು ಅಪ್ಪನಿಗೆ ಹೇಳಿದ್ದು, ಅತ್ತಿವೇರಿಗೆ ಹಕ್ಕಿ ನೋಡಲು ಹೋಗುತ್ತೇವೆಂದು. ಅತ್ತಿವೇರಿಯ ಕೆರೆಯೂ ಅದೇ ದಿಕ್ಕಿನಲ್ಲಿದೆ.

"ಅಂಗಳದಾಗಿನ ಗುಬ್ಬಿ ಹೊಡದು ಓಡಸಾಕಿ ನೀ. ಹಕ್ಕಿ ನೋಡಾಕ ಹೊಂಟಿಯೇನವ್ವ?" ಎಂದರು ಅಪ್ಪ.

"ವಯಸ್ಸಾತು. ಈಗ ನೋಡಬೇಕನಸ್ತೈತಿ" ಎಂದಳು ಆಯಿ, ಮುಖದ ಒಂದು ಗೆರೆಯೂ ಅಲುಗದಂತೆ.

ಅಪ್ಪ ಅವಳ ಹೊಸ ಇಳಕಲ್ ಸೀರೆಯನ್ನು ಒಮ್ಮೆ ನೋಡಿದರು. ಮತ್ತೇನೂ ಕೇಳದೆ ಟೈರುಗಳಿಗೆ ಗಾಳಿ ಸರಿಯಿದೆಯೇ ಎಂದು ಒದ್ದು ನೋಡಿ ಒಳಗೆ ಹೋದರು. ಅವರಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಕಲಘಟಗಿ ದಾಟಿ, ತಡಸ ದಾಟಿ ಹೋದೆವು. ಪ್ರತಿ ತಿರುವಿನಲ್ಲೂ ನಾನು ಇಲ್ಲದ ಟ್ರೇಲರುಗಳಿಗೆ ಜಾಗ ಬಿಟ್ಟು ಹೊರಳಿಸಿದೆ. ಹಿಂದಿನಿಂದ ಬಂದವರು ಹಾರ್ನ್ ಹೊಡೆದು ನನ್ನನ್ನು ನೋಡಿಕೊಂಡು ಹೋದರು. ಆಯಿ ಕೈಯಲ್ಲಿ ಏನನ್ನೂ ತಂದಿರಲಿಲ್ಲ. ಅಕ್ಕನಿಗೆ ಎರಡು ಹೋಳಿಗೆಯಾದರೂ ಕಟ್ಟಿಕೊಳ್ಳಬಾರದಿತ್ತೇ ಎಂದೆ. "ತಂದ್ರ ಇಳೀಬೇಕಾಗ್ತೈತಿ" ಎಂದಳು.

ಇಂದೂರಿನಲ್ಲಿ ಓಣಿಯ ಗುರುತನ್ನು ಆಯಿ ಒಂದು ಸಲವೂ ತಡವರಿಸದೆ ಹೇಳಿದಳು. ಓಣಿ ಇಕ್ಕಟ್ಟು, ಎರಡೂ ಬದಿಗೆ ಮನೆಗಳ ಕಟ್ಟೆ. ಬಸ್ತ್ಯಾಂವಣ್ಣ ಹೇಳಿದಂತೆ ದೂರ ನೋಡಿ ಒಳಗೆ ಹೋಗಬೇಕಿತ್ತು. ನಾನು ನೋಡಿದ್ದು ಓಣಿಯನ್ನಲ್ಲ, ಪಕ್ಕದಲ್ಲಿ ಕುಳಿತ ಆಯಿಯನ್ನು. ಅವಳು ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡಿದ್ದಳು.

"ಇಲ್ಲೇ ನಿಂದರಸು" ಎಂದಳು.

ಎಡಗಡೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಗಾಡಿಯ ಸಪ್ಪಳಕ್ಕೆ ತಲೆ ಎತ್ತಿದಳು. ಕಣ್ಣು ಮಂಜು. ಯಾರೆಂದು ತಿಳಿಯದೆ ಮತ್ತೆ ಮೊರಕ್ಕೆ ತಲೆ ತಗ್ಗಿಸಿದಳು. ಆಯಿ ಗಾಜಿಗೆ ಹಣೆ ತಾಗಿಸಿ ನೋಡುತ್ತ ಕುಳಿತಳು.

"ಎಷ್ಟ ಸಣ್ಣಾಕಿ ಆಗ್ಯಾಳ" ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಆತು. ನೋಡಿದ್ನಿ. ಹೊಳ್ಳಸು" ಎಂದಳು.

ನಾನು ಮುಂದೆ ನೋಡಿದೆ. ಎರಡು ಮನೆ ದಾಟಿದರೆ ಓಣಿಯ ತುದಿಗೆ ಮೇವಿನ ಬಣವೆ. ಅದರಾಚೆ ಗೋಡೆ. ಸುತ್ತು ಹೊಡೆಯಲು ಮೈದಾನವಿಲ್ಲ.

ಹಿಂದಿನ ಗೇರು ಇರಬಹುದಾದ ಕಡೆಗಳಿಗೆಲ್ಲ ಸಾಗವಾನಿಯ ಗುಂಡನ್ನು ಎಳೆದು ನೋಡಿದೆ. ಒಂದು ಕಡೆ ಕರಕರ ಎಂದಿತು. ಇನ್ನೊಂದು ಕಡೆ ಗಾಡಿ ಬಣವೆಯತ್ತ ಜಿಗಿದು ಬಂದ್ ಬಿತ್ತು. ಮತ್ತೆ ಚಾಲೂ ಮಾಡಿದೆ, ಮತ್ತೆ ಬಂದ್ ಬಿತ್ತು. ಕಟ್ಟೆಗಳ ಮೇಲೆ ಒಬ್ಬೊಬ್ಬರೇ ಬಂದು ನಿಂತರು. ಬಿಸಿಲು ಚುರುಕಾಗಿತ್ತು. ಬೆವರು ತಾಳದೆ ಗಾಜನ್ನು ಒತ್ತಿ ಒತ್ತಿ ಕೆಳಗಿಳಿಸಿದೆ.

ಕಟ್ಟೆಯ ಮುದುಕಿ ಮೊರ ಬದಿಗಿಟ್ಟಳು. "ಯಾರವ್ವಾ, ಗಾಡಿ ಕೆಟ್ಟೈತೇನು? ಬಿಸಲಾಗ ಯಾಕ ಕುಂತೀರಿ. ಬರ್ರಿ, ಒಂದೀಟು ನೀರು ಕುಡೀರಿ" ಎಂದಳು.

ಆಯಿ ಮುಖವನ್ನು ಇತ್ತ ತಿರುಗಿಸಿಕೊಂಡು ನನ್ನ ಮೇಲೆ ಹರಿಹಾಯ್ದಳು. "ಇಡೀ ಹಂಗಾಮ ಏನ ಕಲಸಿದಾ ಆ ಬಸ್ತ್ಯಾಂವ ನಿನಗ? ಮುಂದ ಹೋಗೂದಷ್ಟನ?"

ಮೆಲ್ಲಗೆ ಮಾತಾಡುವುದು ಆಯಿಯ ಜಾಯಮಾನದಲ್ಲೇ ಇಲ್ಲ. ಓಣಿಗೆಲ್ಲ ಕೇಳಿಸಿತು. ಕಟ್ಟೆಯ ಮುದುಕಿ ನಮ್ಮ ಗಾಡಿಯ ಕಡೆ ಕಿವಿ ಕೊಟ್ಟಳು.

"ಪಾರೀ" ಎಂದಳು ಗಂಗವ್ವ. "ದನಿ ಸಣ್ಣ ಮಾಡು. ಓಣಿ ಮಂದಿ ಕೇಳ್ತಾರ."

ಪಾರ್ವತೆವ್ವ ಎನ್ನುವ ನಮ್ಮ ಆಯಿ ಅಪ್ಪನಿಗೆ ಅವ್ವ, ಪೇಟೆಯವರಿಗೆ ಅಮ್ಮಾರು, ನಮಗೆ ಆಯಿ. ಪಾರಿ ಎಂದು ಕರೆಯುವ ಒಂದು ಜೀವ ಭೂಮಿಯ ಮೇಲಿದೆ ಎಂದು ನನಗೆ ಗೊತ್ತಾದದ್ದೇ ಆಗ. ಆಯಿ ಬಾಗಿಲು ತೆಗೆಯಲು ನೋಡಿದಳು, ಹಿಡಿಕೆ ಸಿಗಲಿಲ್ಲ. ನಾನೇ ಬಾಗಿ ತೆಗೆದೆ. ಅವಳು ಇಳಿದು ಓಣಿಯ ನಡುವೆ ನಿಂತಳು.

"ಒಳಗ ಬರೂದಿಲ್ಲಕ್ಕ ನಾ" ಎಂದಳು. ಮಾತು ಮಾತಾಡದೆ ಅಷ್ಟು ವರ್ಷ ಕಳೆದ ಮೇಲೆ ಅವಳು ಅಕ್ಕನಿಗೆ ಹೇಳಿದ ಮೊದಲ ಮಾತು ಅದು.

"ಯಾರ ಕರದಾರ ಒಳಗ? ಕಟ್ಟೀ ಮ್ಯಾಲ ಕೂಡು" ಎಂದು ಗಂಗವ್ವ ಮೊರವನ್ನು ಇನ್ನಷ್ಟು ಸರಿಸಿದಳು.

ಆಯಿ ಹೋಗಿ ಕುಳಿತಳು. ಹೊಸ್ತಿಲು ಅವರಿಂದ ಒಂದು ಮಾರು ದೂರದಲ್ಲಿತ್ತು. ಗಂಗವ್ವನ ಸೊಸೆ ಒಳಗಿನಿಂದ ಬೆಲ್ಲ, ನೀರು ತಂದಳು. ಊಟವೂ ಕಟ್ಟೆಗೇ ಬಂತು, ಯಾರೂ ಯಾಕೆಂದು ಕೇಳಲಿಲ್ಲ. ಇಬ್ಬರೂ ಅಳಲಿಲ್ಲ. ಗಂಗವ್ವ ಆಯಿಯ ಗದ್ದ ಹಿಡಿದು ಬಾಯಿ ತೆರೆಸಿ, "ಹಲ್ಲು ಎಲ್ಲೆ ಹ್ವಾದವು?" ಎಂದು ಕೇಳಿದಳು. ಆಯಿ ಅವಳ ಮೊಣಕಾಲು ಒತ್ತಿ ನೋಡಿದಳು. ಆಮೇಲೆ ಇಬ್ಬರೂ ಸೇರಿ ಬೇಳೆ ಆರಿಸತೊಡಗಿದರು. ನಡುವೆ ಗಂಗವ್ವ ತಲೆ ಎತ್ತದೆ, "ಆ ಎತ್ತಿಗೆ ಮೊದಲ ಜಡ್ಡಿತ್ತು ಪಾರೀ" ಎಂದಳು. ಆಯಿಯೂ ತಲೆ ಎತ್ತದೆ, "ನಮ್ಮವರೂ ಅದನ್ನ ಮಧ್ಯಾಹ್ನದಾಗೂ ನೊಗದಿಂದ ಬಿಡಲಿಲ್ಲಕ್ಕ" ಎಂದಳು. ಎತ್ತಿನ ಮಾತು ಅಲ್ಲಿಗೆ ಮುಗಿಯಿತು.

ಇಳಿಹೊತ್ತಿಗೆ ಗಂಗವ್ವನ ಮಗ ಹೊಲದಿಂದ ಬಂದರು. ನನಗೆ ವರಸೆಯಲ್ಲಿ ಕಾಕಾ. ಅದುವರೆಗೆ ಮುಖವನ್ನೇ ನೋಡಿರಲಿಲ್ಲ. ಕಟ್ಟೆಯ ಮೇಲಿದ್ದ ಆಯಿಯನ್ನು ಕಂಡು ಒಂದು ಕ್ಷಣ ನಿಂತು, ಕಾಲು ಮುಟ್ಟಿ ನಮಸ್ಕಾರ ಮಾಡಿ, ನನ್ನ ಹತ್ತಿರ ಬಂದರು. ವಿಷಯ ಕೇಳಿ ನಕ್ಕುಬಿಟ್ಟರು. "ಗುಂಡು ಕೆಳಗ ಒತ್ತಬೇಕವ್ವ. ಒತ್ತಿ ಬಲಕ್ಕ ತಂದು ಹಿಂದ ಎಳಿ" ಎಂದು ಪಕ್ಕದಲ್ಲಿ ಕುಳಿತು ತೋರಿಸಿದರು. ಒತ್ತುವ ವಿಚಾರ ನನ್ನ ಕನಸಿಗೂ ಬಂದಿರಲಿಲ್ಲ. ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತ, ಒಂದು ಕಟ್ಟೆಗೂ ತಾಗಿಸದೆ, ಇಡೀ ಓಣಿಯನ್ನು ಹಿಂದಕ್ಕೆ ದಾಟಿ ರಸ್ತೆಗೆ ಬಂದೆ. ಕಾಕಾ ಅಲ್ಲೇ ಇಳಿದು ಹಾಲಿನ ಡೇರಿಯ ಕಡೆ ಹೋದರು. ನನಗೆ ಉತ್ಸಾಹ ತಡೆಯಲಾಗಲಿಲ್ಲ. ಗಾಡಿಯನ್ನು ರಸ್ತೆಯಲ್ಲಿ ಹೊರಳಿಸಿಕೊಂಡು, ಮತ್ತೆ ಅದೇ ಓಣಿಯೊಳಗೆ ಹಿಂದುಹಿಂದಾಗಿಯೇ ಬಂದು ಕಟ್ಟೆಯ ಎದುರು ನಿಲ್ಲಿಸಿದೆ. ಇನ್ನು ಆಯಿ ಹತ್ತಿದರೆ ಸಾಕು, ನೇರ ಹಳಿಯಾಳ. ಕತ್ತಲಾಗುವುದರೊಳಗೆ ಮನೆ ಸೇರಬೇಕಿತ್ತು.

ಕಟ್ಟೆಯ ಮೇಲೆ ಮೊರವೊಂದೇ ಇತ್ತು. ಹಾರ್ನ್ ಹೊಡೆದೆ. ಗಂಗವ್ವನ ಸೊಸೆ ಬಾಗಿಲಿಗೆ ಬಂದಳು.

"ನಮ್ಮ ಅತ್ತಿ ನಿಮಗ ಬುತ್ತಿ ಕಟ್ಟತೇನಂತ ಒಲಿ ಮುಂದ ಹೋಗಿ ಕುಂತಿದ್ರು. ಏಳಾಕ ಆಗಲಿಲ್ಲ. ಪಾರೀ ಕೈ ಕೊಡು ಬಾ ಅಂದ್ರು." ಅವಳು ಹೊಸ್ತಿಲನ್ನು ನೋಡಿ ನನ್ನನ್ನು ನೋಡಿದಳು. "ನಿಮ್ಮ ಆಯಿ ಎದ್ದು ಹ್ವಾದ್ರು."

ಎಂಜಿನ್ನಿನ ಸದ್ದಿಗೆ ಒಳಗಿನ ಮಾತು ಸರಿಯಾಗಿ ಕೇಳಿಸಲಿಲ್ಲ. ನಾನು ಗಾಡಿ ಬಂದ್ ಮಾಡಿದೆ. ಆಯಿಯ ದನಿ ಓಣಿಗೆಲ್ಲ ಕೇಳುವಷ್ಟು ಜೋರಾಗಿಯೇ ಇತ್ತು.

"ಸರಿ ಆ ಕಡೆ, ರೊಟ್ಟಿ ನಾ ಬಡೀತೇನಿ. ಹಿಟ್ಟು ಎಲ್ಲೆ ಇಡ್ತೀಯಕ್ಕ?"

ನಾನು ಕೀಲಿ ತೆಗೆದುಕೊಂಡು ಕೆಳಗಿಳಿದೆ.